ಕಣ್ಣು ಕಟ್ಟಿ ಮುಟ್ಟಿ ನೋಡಿ

ನಜ್ಲಾಳಿಗೆ ಸಿಟ್ಟು ಬರುವುದಕ್ಕೆ ಮುಂಚೆ ಸಂತೋಷವಾಗಿತ್ತು. ಆ ಸಂತೋಷ ನೆನಪಾದಾಗಲೆಲ್ಲ ಅವಳ ಸಿಟ್ಟು ಇನ್ನಷ್ಟು ಹೆಚ್ಚುತ್ತಿತ್ತು. ಅಂಥ ಸಂತೋಷ ಅದು, ಹಾಳಾಗಿ ಹೋಗಲಿ.

ಆವತ್ತು ಸ್ಫಾಕ್ಸ್ ಊರಿನ ಮೇಲೆ ಶಹೀಲಿ ಬೀಸುತ್ತಿತ್ತು. ಮರುಭೂಮಿಯ ಕಡೆಯಿಂದ ಆ ಬಿಸಿಗಾಳಿ ಎದ್ದಿತೆಂದರೆ ಕಿಟಕಿ ಮುಚ್ಚಿ ಮಲಗುವುದು ಬಿಟ್ಟು ಜನಕ್ಕೆ ಬೇರೆ ದಾರಿಯಿಲ್ಲ. ನಜ್ಲಾಳ ತಾಯಿ ಯಾರದೋ ಮದುವೆಗೆ ಹೋಗಿದ್ದರಿಂದ ಮಗಳು ಮೈಸಾಳನ್ನು ನೋಡಿಕೊಳ್ಳುವವರು ಇರಲಿಲ್ಲ. ಗ್ರೆಮ್ದಾ ರಸ್ತೆಯಲ್ಲಿ ತಾನು ಕೆಲಸ ಮಾಡುವ ವರ್ಕ್‌ಶಾಪಿಗೇ ಕರೆತಂದಿದ್ದಳು. ಒಂಬತ್ತು ವರ್ಷದ ಹುಡುಗಿ ಸುಮ್ಮನೆ ಕೂರುವ ಪೈಕಿಯಲ್ಲ. ಮೆಕ್ಯಾನಿಕ್ ನೂರಿ ತಂದುಕೊಟ್ಟ ಖಾರದ ಫ್ರಿಕಾಸೆ ಬನ್ನು ತಿಂದು, ಬೆರಳು ನೆಕ್ಕಿ, ಅಮ್ಮನ ಮೇಜಿನ ಮೇಲಿದ್ದ, ಕಣ್ಣಿಗೆ ಚಿತ್ರ ತೋರಿಸುವ ಹೆಡ್‌ಸೆಟ್ಟನ್ನು ತಲೆಗೆ ಸಿಕ್ಕಿಸಿಕೊಂಡಳು. ಎಡಗೈಗೆ ನೂರಿಯಿಂದಲೇ ಅದರ ಜೊತೆಗಿನ ಕೈಗವಸು ಹಾಕಿಸಿಕೊಂಡಳು. ಆಮೇಲೆ ಬಲಗೈಯಿಂದ ಎಡಗೈಯನ್ನು ಎತ್ತಿ, ಮೇಜಿನ ಮೇಲೆ ಸೂಲಗಿತ್ತಿಯರ ಕಲಿಕೆಗೆಂದು ಇಟ್ಟಿದ್ದ ರಬ್ಬರಿನ ಹೊಟ್ಟೆಯೊಳಗೆ ತೂರಿಸಿದಳು.

“ಅಮ್ಮಾ! ಗೊತ್ತಾಗ್ತಿದೆ! ಉರುಟಾಗಿದೆ, ಗಟ್ಟಿಯಾಗಿದೆ! ಪಾಪು ತಲೆ ಅಮ್ಮಾ!”

ಎಡಗೈ! ಹುಟ್ಟಿದ ಗಳಿಗೆಯಿಂದ ಭುಜದಿಂದ ಜೋತುಬಿದ್ದ ಕೈ ಅದು. ಬಿಸಿ ಚಹಾ ಚೆಲ್ಲಿಕೊಂಡರೂ ಬೊಬ್ಬೆ ಎದ್ದ ಮೇಲಷ್ಟೇ ಮೈಸಾಗೆ ತಿಳಿಯುತ್ತಿತ್ತು. ಆ ವಸಂತದಲ್ಲಿ ರಾಜಧಾನಿಗೆ ಹೋಗಿ ನರದ ಆಪರೇಷನ್ ಮಾಡಿಸಿಕೊಂಡು ಬಂದಿದ್ದರು. ಸ್ಪರ್ಶ ಬಂದರೂ ಬರಬಹುದು, ಬರದೆಯೂ ಇರಬಹುದು, ಕಾಯಿರಿ ಎಂದಿದ್ದರು ಡಾಕ್ಟರು. ನಜ್ಲಾ ಕೈಯಲ್ಲಿದ್ದುದನ್ನು ಬಿಸಾಡಿ ಓಡಿದಳು. ಮಗಳ ಕತ್ತು ತಬ್ಬಿ, ಬೆವೆತ ಕೂದಲಿಗೆ ಮುತ್ತಿಟ್ಟು, “ಇನ್ನೊಂದ್ಸಲ ಹೇಳು ನನ್ನ ಚಿನ್ನ, ಇನ್ನೊಂದ್ಸಲ ಹೇಳು” ಎಂದು ಅತ್ತೇಬಿಟ್ಟಳು. ನೂರಿಯೂ ಕೆಂಪು ಟೋಪಿ ತೆಗೆದು ಅದರಲ್ಲೇ ಕಣ್ಣೊರೆಸಿಕೊಂಡ.

ಮಗಳ ಮುಖ ನೋಡಬೇಕೆಂದು ನಜ್ಲಾ ಹೆಡ್‌ಸೆಟ್ ತೆಗೆದಳು.

“ಈಗ ಹೇಳು, ಹೆಂಗಿದೆ?”

“ಈಗಿಲ್ಲ.”

“ಈಗಿಲ್ಲ ಅಂದ್ರೆ?”

“ಈಗ ಏನೂ ಗೊತ್ತಾಗ್ತಿಲ್ಲ. ಅದನ್ನ ಹಾಕಮ್ಮ, ಆಗ ಗೊತ್ತಾಗತ್ತೆ.”

ನಜ್ಲಾ ಮಗಳ ಕೈಯನ್ನು ಹೊರಗೆಳೆದು, ಕೈಗವಸು ಕಳಚಿ, ತೋರುಬೆರಳಿನ ತುದಿಯನ್ನು ಉಗುರಿನಿಂದ ಜೋರಾಗಿ ಚಿವುಟಿದಳು. ಮೈಸಾ ಫ್ಯಾನು ನೋಡುತ್ತ ಕಾಲು ಅಲ್ಲಾಡಿಸುತ್ತಿದ್ದಳು. ಮತ್ತೆ ಕೈಗವಸು ಹಾಕಿ, ಹೆಡ್‌ಸೆಟ್ ಇಟ್ಟು, ಕೈಯನ್ನು ರಬ್ಬರಿನೊಳಗೆ ಬಿಟ್ಟ ಕೂಡಲೇ, “ಹ್ಞಾಂ, ಬಂತು! ತಲೆ!” ಎಂದು ಕುಣಿದಳು.

ನಜ್ಲಾ ಅಲ್ಲೇ ಸ್ಟೂಲಿನ ಮೇಲೆ ಕೂತಳು. ಮಗಳ ಕೈಗೆ ಏನೂ ಬಂದಿರಲಿಲ್ಲ. ಕಣ್ಣು ಕಂಡದ್ದನ್ನೇ ಕೈ ತಾನು ಮುಟ್ಟಿದೆ ಅಂದುಕೊಂಡಿತ್ತು, ಅಷ್ಟೆ. ಈ ಮಗುವಿಗೆ ಇದನ್ನು ಯಾವ ಬಾಯಲ್ಲಿ ಹೇಳಲಿ ಎಂದು ಒದ್ದಾಡುತ್ತಿರುವಾಗಲೇ ಇನ್ನೊಂದು ಯೋಚನೆ ಬಂತು. ಸ್ಪರ್ಶವೇ ಇಲ್ಲದ ಕೈ ಇದರಲ್ಲಿ ತಲೆಯನ್ನು ಮುಟ್ಟುತ್ತದೆ ಅಂದರೆ, ಸ್ಪರ್ಶ ಇರುವ ಕೈಗೆ ಈ ಕೈಗವಸು ಕೊಡುತ್ತಿರುವುದಾದರೂ ಏನು?

“ನೂರಿ ಚಿಕ್ಕಪ್ಪ, ಚಾಕು ಕೊಡಿ.”

“ಯಾಕಮ್ಮ ಇಂಜಿನಿಯರಮ್ಮ?”

“ಕೊಡಿ ಅಂದೆ.”

ಮಗಳ ಕೈಯಿಂದ ಕೈಗವಸು ಕಳಚಿ ಅದರ ಬೆರಳತುದಿಯ ಹೊಲಿಗೆಯನ್ನು ಕೊಯ್ದಳು. ಅವಳು ಕೂರಿಸಿದ್ದ ಪುಟ್ಟ ಮೋಟಾರು ಅಲ್ಲಿರಲಿಲ್ಲ. ಬೆರಳು ಗಟ್ಟಿ ವಸ್ತುವಿಗೆ ತಾಗಿದಾಗ ಹಿಂದಕ್ಕೆ ಜಗ್ಗಿ ನಿಲ್ಲಿಸುವ ದಾರವೂ ಇರಲಿಲ್ಲ. ಮೊಬೈಲು ಗುಂಯ್ ಎಂದು ನಡುಗಲಿಕ್ಕೆ ಅದರೊಳಗೊಂದು ಬಿಲ್ಲೆ ಇರುತ್ತದಲ್ಲ, ಅಂಗಿಯ ಗುಂಡಿಯಷ್ಟು, ಅಂಥದೊಂದನ್ನು ಅಂಟು ಹಾಕಿ ಕೂರಿಸಿದ್ದರು.

ನೂರಿ ನೆಲ ನೋಡುತ್ತ ಹೇಳಿದ: “ನಾನೇ ತೆಗೆದೆ ತಾಯಿ. ನೀನು ಆಸ್ಪತ್ರೇಲಿದ್ದಾಗ. ನಜ್ಲಾಗೆ ಗೊತ್ತು, ಅವಳು ಒಪ್ಪಿದಾಳೆ ಅಂದ್ರು ಯಜಮಾನ್ರು ಸಿ ಲುತ್ಫಿ.”

ಇಲ್ಲಿ ಒಂದು ಹಳೆಯ ವಿಷಯ ಹೇಳಬೇಕು. ಒಂಬತ್ತು ವರ್ಷದ ಹಿಂದೆ, ಸೂಲಗಿತ್ತಿಯರ ಶಾಲೆಗೆ ಸೇರಿದ ಹೆರಿಗೆ ವಾರ್ಡಿನಲ್ಲಿ ನಜ್ಲಾ ನೋವು ತಿನ್ನುತ್ತ ಮಲಗಿದ್ದಳು. ಕಲಿಯುವ ಹುಡುಗಿಯೊಬ್ಬಳು ಎರಡು ಬೆರಳು ಹಾಕಿ ನೋಡಿ “ತಲೆ” ಅಂದಳು. ಶಾಲೆಯ ಹಿರಿಯ ಮೇಡಮ್ಮು ಲಲ್ಲಾ ಬಹೀಜಾ ಬಾಗಿಲಲ್ಲೇ ನಿಂತು “ಸರಿ” ಅಂದರು. ತಲೆಯಾಗಿರಲಿಲ್ಲ ಅದು. ಮಗು ಕುಂಡಿ ಕೆಳಗೆ ಮಾಡಿ ಕೂತಿತ್ತು. ಗೊತ್ತಾಗುವ ಹೊತ್ತಿಗೆ ಅರ್ಧ ಮೈ ಹೊರಗೆ ಬಂದಾಗಿತ್ತು. ಕೈಗಳೆರಡೂ ಮೇಲಕ್ಕೆ ಸಿಕ್ಕಿಕೊಂಡಿದ್ದವು. ಎಳೆದರು. ಮಗು ಬದುಕಿತು, ಎಡಗೈಯ ನರಗಳು ಬುಡದಲ್ಲೇ ಕಿತ್ತುಹೋದವು. “ಜೀವ ಉಳೀತಲ್ಲ, ಅಲ್‌ಹಮ್ದುಲಿಲ್ಲಾ ಅನ್ನು” ಎಂದರು ಬಂದವರೆಲ್ಲ. ನಜ್ಲಾ ಅಂದಳು. ಅಂದ ಮೇಲೆ ಅವಳಿಗೆ ಸಿಟ್ಟು ಬಂತು, ಬಂದದ್ದು ಇಳಿಯಲೇ ಇಲ್ಲ.

ಆ ಸಿಟ್ಟಿನಲ್ಲೇ ಹುಟ್ಟಿದ್ದು ಈ ಕೈಗವಸು. ಹುಡುಗಿಯರು ಜೀವಂತ ಹೆಂಗಸಿನ ಮೇಲೆ ಕಲಿಯುವ ಬದಲು ರಬ್ಬರಿನ ಹೊಟ್ಟೆಯಲ್ಲಿ ಕೈ ಹಾಕಿ ಕಲಿಯಲಿ, ಎಷ್ಟು ಸಲ ಬೇಕಾದರೂ ತಪ್ಪಲಿ, ಯಾರ ಕೈಯೂ ಸಾಯುವುದಿಲ್ಲ ಎಂಬುದು ಅವಳ ಲೆಕ್ಕ. ಹೊಟ್ಟೆಯೊಳಗೆ ಮಗುವಿಲ್ಲ, ಮಗುವನ್ನು ಬೆರಳಿಗೆ ತೋರಿಸುವುದು ಕೈಗವಸೇ. ಅದಕ್ಕೇ ತಲೆಬುರುಡೆಯ ಗಟ್ಟಿತನ ಬೇರೆ, ನೆತ್ತಿಯ ಮೆತ್ತನೆ ಜಾಗ ಬೇರೆ, ಮೂಳೆ ಮೂಳೆ ಕೂಡುವ ಗೆರೆ ಬೇರೆ, ಕುಂಡಿಯ ಮಾಂಸ ಬೇರೆ ಎಂದು ಒಂದೊಂದನ್ನೂ ದಾರದ ಬಿಗಿ ಬದಲಿಸಿ ಬದಲಿಸಿ ಹೊಂದಿಸಿದ್ದಳು. ವರ್ಕ್‌ಶಾಪಿಗೆ ಒಂದು ನಿಯಮ ಮಾಡಿದ್ದಳು: ಮೊದಲು ಬಟ್ಟೆ, ಆಮೇಲೆ ಚಿತ್ರ. ಯಾರೇ ಕೈಗವಸು ಪರೀಕ್ಷೆ ಮಾಡಲಿ, ಮೊದಲು ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿ, ಏನು ಸಿಕ್ಕಿತು ಹೇಳು ಎಂದು ಕೇಳಬೇಕು. ಹೆಡ್‌ಸೆಟ್ಟಿನ ಚಿತ್ರ ಅದಾದ ಮೇಲೆ. ಯಾಕೆಂದರೆ ಕಣ್ಣು ಮಹಾ ದುರಾಸೆಯದು. ತಾನು ನೋಡಿದ್ದನ್ನೆಲ್ಲ ಕೈಯ ಬಾಯಲ್ಲಿ ಹೇಳಿಸಿಬಿಡುತ್ತದೆ. ಈ ಕಸುಬಿನವರಿಗೆಲ್ಲ ಇದು ಗೊತ್ತು, ಗೊತ್ತಿದ್ದೂ ದಿನಾ ಮರೆಯುತ್ತಾರೆ.

ನಜ್ಲಾಳೂ ಮರೆತಿದ್ದಳು, ಅದೇ ಉರಿ. ರಾಜಧಾನಿಯಿಂದ ಬಂದ ದಿನ, ಮಗಳ ಬ್ಯಾಂಡೇಜಿನದೇ ಚಿಂತೆಯಲ್ಲಿದ್ದಾಗ, “ಹಗುರ ಮಾಡಿದ್ದೀವಿ, ನೋಡು” ಎಂದು ಯಜಮಾನ ಲುತ್ಫಿ ಹೊಸ ಕೈಗವಸು ಕೊಟ್ಟಿದ್ದ. ಬಟ್ಟೆ ಕಟ್ಟಿಕೊಳ್ಳುವ ವ್ಯವಧಾನ ಇರಲಿಲ್ಲ. ಹೆಡ್‌ಸೆಟ್ ಹಾಕಿಕೊಂಡೇ ಕೈಯಿಟ್ಟಳು. ರಬ್ಬರು ಬೆರಳನ್ನು ಸುತ್ತ ಒತ್ತುತ್ತಿತ್ತು, ಕಣ್ಣೆದುರು ಗಾಜಿನಂಥ ಹೊಟ್ಟೆ, ಅದರೊಳಗೆ ಪುಟ್ಟ ತಲೆ. ಮುಟ್ಟಿದ ಹಾಗೇ ಆಯಿತು. “ಸರಿಯಿದೆ, ಚೆನ್ನಾಗಿದೆ” ಅಂದುಬಿಟ್ಟಳು, ಎಲ್ಲರ ಮುಂದೆ, ನಗುತ್ತ.

ಈಗ ಕೊಯ್ದ ಕೈಗವಸನ್ನು ಹಿಡಿದುಕೊಂಡು ಲುತ್ಫಿಯ ಕೋಣೆಗೆ ನುಗ್ಗಿದಳು. ಒಳಗೆ ಎ.ಸಿ. ತಣ್ಣಗೆ ಓಡುತ್ತಿತ್ತು. ಲುತ್ಫಿ ಗಾಜಿನ ಲೋಟದಲ್ಲಿ ಹಾಲು ಕಾಫಿ ಕುಡಿಯುತ್ತ ಕೂತಿದ್ದ. ಇಸ್ತ್ರಿ ಮುರಿಯದ ಅಂಗಿ, ಯಾರ ಮೇಲೂ ದನಿ ಏರಿಸದ ಮನುಷ್ಯ. ಇಂಥವರ ಜೊತೆ ಜಗಳ ಆಡುವುದೇ ಕಷ್ಟ.

“ಸಿ ಲುತ್ಫಿ, ಇದೇನಿದು?”

“ಕೈಗವಸು.”

“ಇದು ಕೈಗವಸಲ್ಲ, ಮೊಬೈಲು. ಹುಡುಗಿಯರ ಬೆರಳಿಗೆ ಮೊಬೈಲು ಕಟ್ಟಿ ಕಳಿಸ್ತಿದ್ದೀರಿ.”

“ಕೂತ್ಕೋ ತಾಯಿ. ಹೊರಗೆ ಶಹೀಲಿ, ನಿನ್ನ ತಲೇನೂ ಕಾದಿದೆ. ಕಾಫಿ ಹೇಳ್ಲಾ?”

“ನಿಮ್ಮ ಕಾಫಿ ಯಾರಿಗೆ ಬೇಕು! ನನ್ನ ಮೋಟಾರು ಎಲ್ಲಿ? ದಾರ ಎಲ್ಲಿ?”

“ನಿನ್ನ ದಾರ ವಾರಕ್ಕೊಂದ್ಸಲ ಕಿತ್ತುಹೋಗ್ತಿತ್ತು ನಜ್ಲಾ. ಪ್ರತಿ ಸಲ ನೂರಿ ಚಿಮಟ ಹಿಡ್ಕೊಂಡು ಕೂರಬೇಕು. ಶಾಲೆಯೋರು ಈ ಸೆಪ್ಟೆಂಬರಿಗೇ ಬೇಕು ಅಂತಾರೆ. ಏನ್ ಮಾಡ್ಲಿ? ಇದು ಕೆಡಲ್ಲ. ಬಂದೋರೆಲ್ಲ ಹಾಕಿ ನೋಡಿದ್ರು. ಹಳೇದಕ್ಕೂ ಇದಕ್ಕೂ ಒಬ್ಬರಿಗೂ ವ್ಯತ್ಯಾಸ ಗೊತ್ತಾಗ್ಲಿಲ್ಲ.”

“ಕಣ್ಣು ಕಟ್ಟಿ ನೋಡಿದ್ರಾ?”

“ಯಾಕೆ ಕಟ್ಟಬೇಕು? ಹೆಡ್‌ಸೆಟ್ ಇರೋದೇ ನೋಡೋದಕ್ಕೆ.”

“ಹೆರಿಗೆ ಕೋಣೇಲಿ ಹೆಂಗಸಿನ ಹೊಟ್ಟೆಗೆ ಗಾಜು ಹಾಕಿರ್ತಾರಾ ಸಿ ಲುತ್ಫಿ? ಒಳಗೆ ಏನಿದೆ ಅಂತ ದೀಪ ಹತ್ತಿಸಿ ತೋರಿಸ್ತಾರಾ? ಅಲ್ಲಿರೋದು ಬರೀ ಎರಡು ಬೆರಳು! ಕತ್ತಲೇಲಿ! ಇದರಲ್ಲಿ ಕಲಿತ ಹುಡುಗಿ ತನ್ನ ಬೆರಳಿಗೆ ಎಲ್ಲಾ ಗೊತ್ತು ಅಂದ್ಕೋತಾಳೆ. ಏನೂ ಕಲೀದೇ ಇದ್ರೆ ಹೆದರ್ಕೊಂಡಾದ್ರೂ ಇರ್ತಾಳೆ, ಇನ್ನೊಬ್ಬರನ್ನ ಕೇಳ್ತಾಳೆ. ಇದನ್ನ ಹಾಕ್ಕೊಂಡು ಕಲಿತೋಳು ಕೇಳೋದೂ ಇಲ್ಲ.”

ಲುತ್ಫಿ ಲೋಟ ಕೆಳಗಿಟ್ಟ. ದನಿ ಅಷ್ಟೇ ಮೆತ್ತಗಿತ್ತು.

“ನೀನೇ ಅಲ್ವಾ ಸರಿಯಿದೆ ಅಂದಿದ್ದು? ನಿನ್ನ ಕೈಗೇ ಗೊತ್ತಾಗ್ಲಿಲ್ಲ. ಇದನ್ನ ಹುಟ್ಟಿಸಿದ ತಾಯಿ ನೀನು, ನಿನಗೇ ಗೊತ್ತಾಗ್ಲಿಲ್ಲ ಅಂದ್ಮೇಲೆ ಇನ್ಯಾರಿಗೆ ಗೊತ್ತಾಗಬೇಕು ಹೇಳು.”

ನಜ್ಲಾಳ ಮೈಯೆಲ್ಲ ಉರಿಯುತ್ತಿತ್ತು. ಅಷ್ಟು ವರ್ಷದಲ್ಲಿ ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದಳು.

“ನೀನು ಕಳ್ಳ.”

“ಗುರುವಾರ ಶಾಲೇಲಿ ಪ್ರದರ್ಶನ ಇದೆ” ಎಂದ ಲುತ್ಫಿ, ಏನೂ ಕೇಳಿಸದವನ ಹಾಗೆ. “ಬರೋದಾದ್ರೆ ನಗ್ತಾ ಬಾ. ಆಗದಿದ್ರೆ ಮನೇಲಿ ಮಗಳ ಜೊತೆ ಇರು. ಪಾಪ, ಅದಕ್ಕೂ ನೀನು ಬೇಕು.”

ಮಗಳ ಹೆಸರು ಎತ್ತಿದನಲ್ಲ, ಅದೇ ಸಾಕಾಯಿತು. ನಜ್ಲಾ ಗುರುವಾರ ಹೋದಳು.

ಶಾಲೆಯ ದೊಡ್ಡ ಕೋಣೆಯಲ್ಲಿ ಬಿಳಿ ಮೇಜುಬಟ್ಟೆ, ಬಾದಾಮಿ ಶರಬತ್ತು, ತಟ್ಟೆಯಲ್ಲಿ ಖರ್ಜೂರ ತುಂಬಿದ ಮಕ್ರೂದ್. ರಾಜಧಾನಿಯಿಂದ ಬಂದ ಅಧಿಕಾರಿಗಳು ಮುಂದೆ, ಕಲಿಯುವ ಹುಡುಗಿಯರು ಗೋಡೆಗೊರಗಿ ಹಿಂದೆ. ರಬ್ಬರಿನ ಹೊಟ್ಟೆ ನಡುವೆ. ಹೆಡ್‌ಸೆಟ್ಟಿನೊಳಗೆ ಕಾಣುವುದೆಲ್ಲ ಗೋಡೆಯ ಮೇಲಿನ ಪರದೆಯಲ್ಲೂ ಕಾಣುವಂತೆ ಮಾಡಿದ್ದರು.

ಲಲ್ಲಾ ಬಹೀಜಾ ಬಂದರು. ಗಿಡ್ಡ ಆಳು, ತೋಳು ಮಡಚಿದ ಬಿಳಿ ಕೋಟು, ಊರಿನ ಅರ್ಧ ಜನರನ್ನು ಈ ಲೋಕಕ್ಕೆ ತಂದ ಕೈ. ಅವರು ನಡೆದು ಬಂದರೆ ಹುಡುಗಿಯರು ತಾವಾಗಿ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಅವರಿಗೆ ನಜ್ಲಾ ಯಾರೆಂದು ಚೆನ್ನಾಗಿ ಗೊತ್ತಿತ್ತು. ಈ ಕೆಲಸ ಶುರುವಾದಾಗಿನಿಂದ ಎಷ್ಟೋ ಸಲ ಎದುರುಬದುರು ಕೂತು ಮಾತಾಡಿದ್ದರು, ಆ ಹೆರಿಗೆಯ ವಿಷಯ ಮಾತ್ರ ಒಮ್ಮೆಯೂ ಎತ್ತಿರಲಿಲ್ಲ. ನಜ್ಲಾಳೂ ಎತ್ತಿರಲಿಲ್ಲ. ಅವರೇ ಎತ್ತಲಿ ಎಂದು ಕಾಯುತ್ತಿದ್ದಳು.

ಬಹೀಜಾ ಹೆಡ್‌ಸೆಟ್ ಹಾಕಿ, ಕೈಯಿಟ್ಟು, ಬೆರಳು ಆಡಿಸಿದರು. “ಅರೆ! ನಿಜವಾದ ತಲೆ ಮುಟ್ಟಿದ ಹಂಗೇ ಇದೆಯಲ್ಲ!” ಎಂದರು. ಅಧಿಕಾರಿಗಳು ತಲೆದೂಗಿದರು. ಲುತ್ಫಿ ಎದೆಯ ಮೇಲೆ ಕೈಯಿಟ್ಟು ಬಾಗಿದ.

ನಜ್ಲಾ ಎದ್ದು ನಿಂತಳು. “ಲಲ್ಲಾ ಬಹೀಜಾ, ಅದನ್ನ ತೆಗೀರಿ. ಕಣ್ಣು ಮುಚ್ಚಿ ಒಂದ್ಸಲ ನೋಡಿ.”

“ನಜ್ಲಾ, ಕೂತ್ಕೋ” ಎಂದ ಲುತ್ಫಿ, ಹಲ್ಲು ಕಾಣಿಸುತ್ತಲೇ.

“ಇರ್ಲಿ ಬಿಡಿ” ಎಂದರು ಬಹೀಜಾ. “ನಾನು ಯಾವತ್ತು ಕಣ್ಣಿಂದ ಒಳಗೆ ನೋಡಿದ್ದೀನಿ? ಹೆಂಗಸಿನ ಮುಖ ನೋಡ್ತೀನಿ, ಇಲ್ಲಾಂದ್ರೆ ಗೋಡೆ ನೋಡ್ತೀನಿ.” ಹೆಡ್‌ಸೆಟ್ ತೆಗೆದು, ಪರದೆಗೆ ಬೆನ್ನು ಮಾಡಿ, ಕಣ್ಣು ಮುಚ್ಚಿದರು. ನಜ್ಲಾ ಕಂಪ್ಯೂಟರಿನಲ್ಲಿ ಮಗುವಿನ ಭಂಗಿ ಬದಲಿಸಿದಳು.

ಬಹೀಜಾರ ಮೊಣಕೈ ಮೆಲ್ಲಗೆ ತಿರುಗಿತು. ಅವರ ಹಣೆಯಲ್ಲಿ ಒಂದು ಗೆರೆ ಮೂಡಿತು. ಇಷ್ಟು ಜನ ನೋಡುತ್ತಿದ್ದಾರೆ, ತನ್ನ ಹುಡುಗಿಯರು ನೋಡುತ್ತಿದ್ದಾರೆ. ಗೊತ್ತಾಗುತ್ತಿಲ್ಲ ಅನ್ನುವ ಮಾತು ಆ ಬಾಯಿಗೆ ರೂಢಿಯೇ ಇರಲಿಲ್ಲ.

“ತಲೆ” ಎಂದರು.

ಪರದೆಯ ಮೇಲೆ, ಅವರ ಬೆನ್ನ ಹಿಂದೆ, ಮಗು ಕುಂಡಿ ಕೆಳಗೆ ಮಾಡಿ ಕೂತಿತ್ತು. ಹಿಂದೆ ನಿಂತ ಹುಡುಗಿಯರಲ್ಲಿ ಯಾರೋ ಕಿಸಕ್ಕೆಂದಳು, ಇನ್ಯಾರೋ ಅವಳ ಬಾಯಿ ಮುಚ್ಚಿದಳು. ಬಹೀಜಾ ಕಣ್ಣು ತೆರೆದು, ಜನರ ಮುಖ ನೋಡಿ, ಹಿಂದೆ ತಿರುಗಿದರು. ಆ ಮುಖ ಬಿಳಿಚಿಕೊಂಡದ್ದನ್ನು ನಜ್ಲಾ ಕಣ್ತುಂಬ ನೋಡಿದಳು.

“ನೋಡಿದ್ರಲ್ಲ!” ನಜ್ಲಾ ಕೂಗಿದಳು. “ಇದು...”

“ನೋಡಿದ್ರಲ್ಲ!” ಲುತ್ಫಿಯೂ ಕೂಗಿದ, ಅವಳಿಗಿಂತ ಜೋರಾಗಿ, ಸಭೆಯ ಕಡೆ ಎರಡೂ ಕೈ ಚಾಚಿ. “ಲಲ್ಲಾ ಬಹೀಜಾ ಅಂಥೋರಿಗೇ, ಇಡೀ ಊರು ಕೈಮುಗಿಯೋ ಕೈಗೇ, ಕಣ್ಣಿನ ಸಹಾಯ ಇಲ್ದಿದ್ರೆ ತಪ್ಪತ್ತೆ ಅಂದ್ಮೇಲೆ, ಈ ಎಳೇ ಹುಡುಗಿಯರ ಗತಿ ಏನು? ಅದಕ್ಕೇ ಈ ಯಂತ್ರ! ಅದಕ್ಕೇ ಚಿತ್ರ! ನಮ್ಮ ನಜ್ಲಾ ಎಷ್ಟು ಚೆನ್ನಾಗಿ ತೋರಿಸಿಕೊಟ್ಟಳು ನೋಡಿ!”

ಚಪ್ಪಾಳೆ. ಥೂ, ಚಪ್ಪಾಳೆ ತಟ್ಟಿದರು ಆ ಜನ!

“ಸುಳ್ಳು! ತಪ್ಪು ಅವರ ಕೈಯದಲ್ಲ, ಕೈಗವಸಿಂದು! ಇದರೊಳಗೆ ಏನೂ ಇಲ್ಲ!”

“ಹಂಗಾದ್ರೆ ಮೊನ್ನೆ ಸರಿಯಿದೆ ಅಂದವರು ಯಾರು?” ಎಂದ ಲುತ್ಫಿ ನಗುತ್ತ. ಆಮೇಲೆ ಅಧಿಕಾರಿಯೊಬ್ಬರ ಕಿವಿಯ ಹತ್ತಿರ ಬಗ್ಗಿ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, “ಮಗಳಿಗೆ ಹುಷಾರಿಲ್ಲ, ಪಾಪ” ಎಂದ.

ನಜ್ಲಾ ಬಹೀಜಾರ ಕಡೆ ನೋಡಿದಳು. ಒಂದು ಮಾತು ಹೇಳಿದರೆ ಸಾಕಿತ್ತು ಆ ಹೆಂಗಸು. ಬಹೀಜಾ ಕೈಗವಸು ಕಳಚಿ ಮೇಜಿನ ಮೇಲಿಟ್ಟು, ತಮ್ಮ ಬೆರಳುಗಳನ್ನೇ ನೋಡುತ್ತಿದ್ದರು. “ವಯಸ್ಸಾಯ್ತು” ಎಂದರು ಯಾರಿಗೂ ಅಲ್ಲದ ಹಾಗೆ, ಮತ್ತು ಹೊರಟುಹೋದರು. ಅದೇ ಕೋಣೆಯಲ್ಲಿ ಶರಬತ್ತು ಕುಡಿದು ಒಪ್ಪಂದ ಮುಗಿಸಿದರು. ಶಾಲೆಯ ಹೊಸ ವರ್ಷದ ಪಾಠ ಕೈಗವಸಿನಲ್ಲೇ ಶುರುವಾಗುವುದೆಂದು ಆಯಿತು.

ನಜ್ಲಾ ಕೆಲಸ ಬಿಟ್ಟಳು. ಬಿಟ್ಟಳೋ, ಬಿಡಿಸಿದರೋ, ಎರಡೂ ಒಟ್ಟಿಗೇ ಆಯಿತು. ಮನೆಯಲ್ಲಿ ಕೂತು ಪಾತ್ರೆ ಕುಕ್ಕುತ್ತ, ಬಾಗಿಲು ಬಡಿಯುತ್ತ ದಿನ ಕಳೆದಳು. ಆದರೆ ನಿಜ ಹೇಳಬೇಕಲ್ಲ: ಆ ಸಿಟ್ಟಿನ ಅಡಿಯಲ್ಲಿ ಎಲ್ಲೋ ಒಂದು ಕಡೆ ಅವಳಿಗೆ ತಣ್ಣಗಾಗಿತ್ತು. ಬಿಳಿಚಿಕೊಂಡ ಬಹೀಜಾರ ಮುಖ ನೆನಪಾದರೆ ಒಳಗೊಳಗೇ ಹಿತವಾಗುತ್ತಿತ್ತು. ಉಣ್ಣಲಿ, ಆವತ್ತು ನನಗೆ ಉಣ್ಣಿಸಿದ್ದನ್ನು ತಾನೂ ಉಣ್ಣಲಿ, ಅನ್ನಿಸುತ್ತಿತ್ತು.

ಒಂದು ದಿನ ನೂರಿ ಬಂದ. ಕೈಯಲ್ಲಿ ಹರಿಸ್ಸಾ ಖಾರದ ದೊಡ್ಡ ಹಳೇ ಡಬ್ಬಿ.

“ಲಲ್ಲಾ ಬಹೀಜಾ ವಿಷಯ ಕೇಳಿದ್ಯಾ? ಆವತ್ತಿಂದ ಹೆರಿಗೆ ಕೋಣೆಗೆ ಕಾಲಿಟ್ಟಿಲ್ಲವಂತೆ. ನನ್ನ ಸೊಸೆಗೆ ನೋವು ಬಂದು ಕರ್ಕೊಂಡು ಹೋದ್ವಿ. ಕೈ ಮುಗಿದು ಕೇಳಿದ್ರೂ ಬರ್ಲಿಲ್ಲ. ನನ್ನ ಕೈ ಸತ್ತೋಗಿದೆ, ಹುಡುಗಿಯರನ್ನ ಕರೀರಿ ಅಂದ್ರು.”

ನಜ್ಲಾಳ ಕೈಯಲ್ಲಿದ್ದ ಪಾತ್ರೆ ನಿಂತಿತು. “ಸೊಸೆ?”

“ಅವಳು ಚೆನ್ನಾಗಿದಾಳೆ, ಮಗೂನೂ. ಅದೃಷ್ಟ. ಆದ್ರೆ ಎಲ್ಲರಿಗೂ ಅದೃಷ್ಟ ಎಲ್ಲಿಂದ ತರ್ತೀಯ ತಾಯಿ? ನಾಳೆಯಿಂದ ಕೈಗವಸಿನ ಪಾಠ ಬೇರೆ ಶುರು. ಕಲಿಸೋ ಕೈನೂ ಹೋಯ್ತು.” ನೂರಿ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ಅವಳ ಮೋಟಾರುಗಳು, ದಾರದ ಉಂಡೆಗಳು, ಒಂದೂ ಬಿಡದೆ. “ಎಸೀರಿ ಅಂದ್ರು ಸಿ ಲುತ್ಫಿ. ನಾನು ಸ್ಫಾಕ್ಸಿನೋನು, ಜಿಪುಣರ ಊರು, ನನ್ನ ಕೈಯಲ್ಲಿ ಏನನ್ನಾದ್ರೂ ಎಸೆಯೋಕೆ ಆಗತ್ತಾ?”

ನಜ್ಲಾಳಿಗೆ ತನ್ನ ಮೇಲೇ ಅಸಹ್ಯವಾಯಿತು. ಬಹೀಜಾ ಆವತ್ತು ಬಾಗಿಲಲ್ಲಿ ಸುಮ್ಮನೆ ನಿಂತದ್ದಕ್ಕೆ ತನ್ನ ಮಗಳ ಕೈ ಹೋಯಿತು. ಈಗ ಕೈಗವಸು ಖಾಲಿ ಎಂದು ಗೊತ್ತಿರುವವಳು ತಾನು, ತಾನೂ ಸುಮ್ಮನೆ ಕೂತು ಒಳಗೊಳಗೇ ಖುಷಿಪಡುತ್ತಿದ್ದಾಳೆ. ಏನು ವ್ಯತ್ಯಾಸ? ಎದ್ದು ಮೇಜಿನ ಮೇಲಿದ್ದುದನ್ನೆಲ್ಲ ತೋಳಿನಿಂದ ಆಚೆ ತಳ್ಳಿದಳು. “ಕೂತ್ಕೊಳ್ಳಿ ಚಿಕ್ಕಪ್ಪ. ಚಿಮಟ ತಂದಿದ್ದೀರಾ?”

ಮರುದಿನ ಬೆಳಿಗ್ಗೆ ಶಾಲೆಯ ಹೊರಗೆ ಹುಡುಗಿಯರು ಗುಂಪುಗುಂಪಾಗಿ ನಿಂತಿದ್ದರು. ಪಾಠದ ಕೋಣೆಯಲ್ಲಿ ರಬ್ಬರಿನ ಹೊಟ್ಟೆ, ಕಂಪ್ಯೂಟರು, ಹೊಸ ಕೈಗವಸುಗಳ ಪೆಟ್ಟಿಗೆಗಳು ಸಾಲಾಗಿ ಬಂದು ಕೂತಿದ್ದವು. ಬಹೀಜಾ ಒಬ್ಬರೇ ಕಿಟಕಿಯ ಹತ್ತಿರ ಕೂತಿದ್ದರು, ಕೋಟು ಕೂಡ ಹಾಕಿಕೊಂಡಿರಲಿಲ್ಲ.

“ಉಗಿಯೋಕೆ ಬಂದ್ಯಾ?” ಎಂದರು ನಜ್ಲಾಳನ್ನು ನೋಡಿ. “ಉಗಿ. ಈಗ ಹೆಂಗೂ ಯಾರು ಬೇಕಾದ್ರೂ ಉಗೀಬಹುದು.”

ನಜ್ಲಾ ಚೀಲದಿಂದ ರಾತ್ರಿಯೆಲ್ಲ ಕೂತು ಜೋಡಿಸಿದ ಹಳೇ ಕೈಗವಸು ತೆಗೆದಳು. ಕಪ್ಪು ಬಟ್ಟೆ ತೆಗೆದಳು. ಹಿಂದೆ ಬಂದು ಆ ಬಟ್ಟೆಯನ್ನು ಬಹೀಜಾರ ಕಣ್ಣಿಗೆ ಬಿಗಿಯಾಗಿ ಕಟ್ಟಿದಳು, ಸ್ವಲ್ಪ ಬೇಕೆಂದೇ ಬಿಗಿಯಾಗಿ.

“ಮತ್ತ್ಯಾಕೆ? ಸಾಕು ಬಿಡು ಮಗಳೇ.”

“ಕೈ ಕೊಡಿ.”

ಕೈಗವಸು ತೊಡಿಸಿದ ಬಹೀಜಾರ ಕೈ ರಬ್ಬರಿನೊಳಗೆ ಹೋಯಿತು. ಎರಡು ಬೆರಳು ಮುಂದಕ್ಕೆ ಸರಿದವು, ದಾರ ಬಿಗಿಯಿತು, ಮೋಟಾರು ಬೆರಳತುದಿಯನ್ನು ಒತ್ತಿತು.

“ಕುಂಡಿ” ಎಂದರು ಬಹೀಜಾ. “ಇಲ್ಲಿ ಬೆನ್ನುಮೂಳೆ ತುದಿ. ಎಡಕ್ಕೆ ತಿರುಗಿದೆ.”

ನಜ್ಲಾ ಮಗುವಿನ ಭಂಗಿ ಬದಲಿಸಿದಳು.

“ತಲೆ. ಇಗೋ ನೆತ್ತಿ. ಇಗೋ ಗೆರೆ.” ದನಿ ಏರಿತು. “ಕತ್ತು ಬಗ್ಗಿಸಿದೆ, ಜಾಣ ಮಗು. ಇನ್ನೊಂದು ಹಾಕು!”

ಇನ್ನೊಂದು ಹಾಕಿದಳು, ಅದೂ ಸರಿ. ಆಗ ನಜ್ಲಾ ಏನೂ ಹೇಳದೆ ಹಳೇ ಕೈಗವಸನ್ನು ಕಳಚಿ, ಪೆಟ್ಟಿಗೆಯಿಂದ ಹೊಸದನ್ನು ತೆಗೆದು ಅದೇ ಕೈಗೆ ಹಾಕಿದಳು. ಬಹೀಜಾ ಬೆರಳು ಆಡಿಸಿದರು. ಮತ್ತೆ ಆಡಿಸಿದರು. ಕಣ್ಣಿನ ಬಟ್ಟೆಯನ್ನು ತಾವೇ ಕಿತ್ತರು. ಮುಖ ಕೆಂಪಾಗಿತ್ತು.

“ಇದೇನಾ ಅವತ್ತು ಕೊಟ್ಟಿದ್ದು? ಇದೇನಾ? ನೊಣ ಗುಂಯ್ ಅಂದ ಹಂಗಿದೆ! ಇದಕ್ಕೆ ನಾನು ನನ್ನ ಕೈ ಸತ್ತೋಯ್ತು ಅಂದ್ಕೊಂಡ್ನಾ? ಆ ಹಲ್ಕಿರಿಯೋನ ಮಾತು ಕೇಳಿ?”

ಅಷ್ಟರಲ್ಲೇ ಮೇಜಿನ ಮೇಲಿದ್ದ ಅವರ ಫೋನು ಬಡಿದುಕೊಂಡಿತು. ಲುತ್ಫಿ. ಪೆಟ್ಟಿಗೆ ಬಂತಾ, ಎಲ್ಲ ಸರಿಯಿದೆಯಾ ಎಂದು ಕೇಳುತ್ತಿದ್ದ.

“ಬಂತು ಸಿ ಲುತ್ಫಿ, ಬಂತು” ಎಂದರು ಬಹೀಜಾ. “ಗೇಟಿನ ಹೊರಗೆ ಇಡಿಸ್ತಿದ್ದೀನಿ, ಬಿಸಿಲಿಗೆ ಕರಗೋ ಮುಂಚೆ ಬಂದು ತಗೊಂಡ್ಹೋಗಿ. ಅಧಿಕಾರಿಗಳಿಗೆ ನಾನೇ ಹೇಳ್ತೀನಿ. ಅವರನ್ನೂ ಕರೀತೀನಿ, ನಿಮ್ಮನ್ನೂ ಕರೀತೀನಿ, ಎಲ್ಲರ ಕಣ್ಣಿಗೂ ಬಟ್ಟೆ ಕಟ್ಟಿಸ್ತೀನಿ. ಬರ್ತೀರಲ್ಲ? ನಗ್ತಾ ಬನ್ನಿ.”

ಫೋನು ಕುಕ್ಕಿ ಹಳೇ ಕೈಗವಸನ್ನು ತೊಡೆಯ ಮೇಲಿಟ್ಟುಕೊಂಡು ಸವರಿದರು. ಆಮೇಲೆ, ನಜ್ಲಾಳ ಮುಖ ನೋಡದೆ ಹೇಳಿದರು.

“ನಿನ್ನ ಹೆರಿಗೇಲಿ ಅವತ್ತು ನಾನು ಕೈ ಹಾಕಿದ್ರೆ ಗೊತ್ತಾಗ್ತಿತ್ತು. ಹಾಕ್ಲಿಲ್ಲ. ಹುಡುಗಿ ತಲೆ ಅಂದ್ಳು, ಸರಿ ಅಂದೆ. ಆಯಾಸ ಆಗಿತ್ತು. ಅಷ್ಟೇ ಕಾರಣ. ಬೇರೇನಿಲ್ಲ. ಕ್ಷಮಿಸ್ತೀಯಾ ಮಗಳೇ?”

ಒಂಬತ್ತು ವರ್ಷದಿಂದ ಕಾದಿದ್ದ ಮಾತು. ಬಂದರೆ ಏನೋ ಆಗುತ್ತದೆ, ಎದೆಯ ಮೇಲಿನ ಕಲ್ಲು ಇಳಿಯುತ್ತದೆ ಎಂದುಕೊಂಡಿದ್ದಳು ನಜ್ಲಾ. ಏನೂ ಇಳಿಯಲಿಲ್ಲ. ಮೈಸಾಳ ಬೆರಳು ಕಣ್ಣಮುಂದೆ ಬಂತು, ಚಿವುಟಿದರೂ ಸುಮ್ಮನಿದ್ದ ಬೆರಳು.

“ಇಲ್ಲ” ಎಂದಳು. “ಕ್ಷಮಿಸಲ್ಲ. ಹುಡುಗಿಯರನ್ನ ಕರೀರಿ.”

ಬಹೀಜಾ ತಲೆಯಾಡಿಸಿ, ಎದ್ದು ಕೋಟು ಹಾಕಿಕೊಂಡು ಬಾಗಿಲು ತೆರೆದರು. ಒಬ್ಬೊಬ್ಬರಾಗಿ ಬನ್ನಿ ಎಂದು ಗದರಿದರು. ಮೊದಲು ಬಂದವಳು ಎತ್ತರದ ಹುಡುಗಿ, ಉಗುರಿಗೆ ಇನ್ನೂ ಯಾರದೋ ಮದುವೆಯ ಮೆಹಂದಿ. ಕಣ್ಣಿಗೆ ಬಟ್ಟೆ ಕಟ್ಟಿದಾಗ ನಕ್ಕಳು. ಕೈಗವಸು ಹಾಕಿ, ಬೆರಳಿಟ್ಟು, ಕೂಡಲೇ ಜಂಬದಿಂದ “ತಲೆ!” ಎಂದಳು.

ಯಾರೂ ಸರಿ ಅನ್ನಲಿಲ್ಲ. ಹುಡುಗಿಯ ನಗು ಮೆಲ್ಲಗೆ ಮಾಸಿತು. ಬೆರಳು ಇನ್ನಷ್ಟು ಒಳಗೆ ಸರಿಯಿತು, ನಿಂತಿತು, ಹಿಂದಕ್ಕೆ ಬಂದಿತು.

“ಅಲ್ಲ... ತಡೀರಿ” ಎಂದಳು ಹುಡುಗಿ. “ಒಂದ್ನಿಮಿಷ ತಡೀರಿ. ನಂಗೆ ಗೊತ್ತಾಗ್ತಿಲ್ಲ.”

ನಜ್ಲಾ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಅವತ್ತು ಆ ಹೆರಿಗೆ ಕೋಣೆಯಲ್ಲಿ ಯಾರಾದರೂ ಒಬ್ಬರು ಇಷ್ಟು ಹೇಳಿದ್ದರೆ ಸಾಕಿತ್ತು.